ನಡುಕವೋ, ಓಲಾಟವೋ?

ಕಳೆದ ವರ್ಷದ ಮಾತು. ಶಿರಾ ದಾಟಿ ಹಿರಿಯೂರಿನ ಕಡೆಗೆ ಗೆಳೆಯನ ಬೈಕಿನಲ್ಲಿ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಾನು, ನನ್ನ ಬೆನ್ನ ಹಿಂದೆ ಕ್ಯಾರಿಯರಿಗೆ ಬಿಗಿದ ದೊಡ್ಡ ಬ್ಯಾಗು. ರಸ್ತೆ ಖಾಲಿಯಿತ್ತು. ಸ್ಪೀಡೋಮೀಟರಿನ ಮುಳ್ಳು 110 ದಾಟಿದ್ದನ್ನು ಕಂಡ ನೆನಪಿದೆ. ಹೆದ್ದಾರಿಯಲ್ಲಿ ಬೈಕಿಗೆ 80 ಕಿ.ಮೀ. ಮಿತಿ ಇದೆ ಎಂಬುದು ಆಗ ಇಬ್ಬರಿಗೂ ನೆನಪಾಗಲಿಲ್ಲ, ಅದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಇದ್ದಕ್ಕಿದ್ದಂತೆ ಬೈಕಿನ ಹಿಂಭಾಗ ಮೀನಿನ ಬಾಲದಂತೆ ಎಡಕ್ಕೂ ಬಲಕ್ಕೂ ಹೊರಳತೊಡಗಿತು. ಗೆಳೆಯ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಹೊರಳಾಟ ಹೆಚ್ಚಾಯಿತು. ಕೊನೆಗೆ ಅದು ಹೇಗೋ ವೇಗ ಇಳಿದು, ರಸ್ತೆ ಪಕ್ಕದ ಮಣ್ಣಿನಲ್ಲಿ ಬಂದು ನಿಂತೆವು. ಇಬ್ಬರ ಬಾಯಿಂದಲೂ ಐದು ನಿಮಿಷ ಮಾತು ಹೊರಡಲಿಲ್ಲ.

ಸರ್ವಿಸ್ ಸೆಂಟರಿನವರು ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ, ‘ಗಾಡೀಲಿ ಏನೂ ಇಲ್ಲ ಸಾರ್, ನೀವು ಓಡಿಸಿದ ರೀತೀನೇ ಸರಿಯಿಲ್ಲ’ ಎಂದು ಕೈ ತೊಳೆದುಕೊಂಡರು. ಆಮೇಲೆ ಯಾರೋ ಹೇಳಿದರೆಂದು ತುಮಕೂರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆವು. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಆಡ್ತಲ್ಲ, ಅದನ್ನ ಎಣಿಸೋ ಹಾಗಿತ್ತಾ, ಇಲ್ಲಾ ಎಣಿಸೋಕೇ ಆಗ್ಲಿಲ್ವಾ?’

ಎಣಿಸಬಹುದಿತ್ತು. ಸೆಕೆಂಡಿಗೆ ಎರಡು ಸಲವೋ ಮೂರು ಸಲವೋ ಇರಬೇಕು ಎಂದೆವು. ‘ಹಂಗಾದ್ರೆ ಹ್ಯಾಂಡಲ್ ಬಿಚ್ಚಿ ನೋಡೋದು ದಂಡ ಭಾಯ್. ಹಿಂದೆ ನೋಡ್ಬೇಕು’ ಎಂದವರೇ ಬೈಕನ್ನು ಸ್ಟ್ಯಾಂಡಿಗೆ ಹಾಕಿದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮನೆಗೆ ಬಂದು ಓದುತ್ತಾ ಹೋದಂತೆ ತಿಳಿದದ್ದೇನೆಂದರೆ, ಆ ಮೆಕ್ಯಾನಿಕ್ ಒಂದು ಮಾತಿನಲ್ಲಿ ಬೇರ್ಪಡಿಸಿದ ಎರಡು ಕಾಯಿಲೆಗಳನ್ನು ವಿಜ್ಞಾನಿಗಳು ಲೆಕ್ಕ ಹಾಕಿ ಬೇರ್ಪಡಿಸಲು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿತ್ತು. ಆ ಎಪ್ಪತ್ತು ವರ್ಷವೂ ಬೈಕು ಅಡ್ಡಾದಿಡ್ಡಿಯಾದರೆ ತಪ್ಪು ಹೊತ್ತವನು ಬಹುಮಟ್ಟಿಗೆ ಸವಾರನೇ.

ಕತೆ ಆರಂಭವಾಗುವುದು ಸೈಕಲ್ಲಿನಿಂದ. ಓಡುವ ಸೈಕಲ್ಲು ಬೀಳುವುದಿಲ್ಲ, ನಿಂತ ಸೈಕಲ್ಲು ಬೀಳುತ್ತದೆ. ಇದು ಮಕ್ಕಳಿಗೂ ಗೊತ್ತು. ಯಾಕೆ ಎಂದು ಕೇಳಿದರೆ ಮಾತ್ರ ದೊಡ್ಡವರೂ ತಡವರಿಸುತ್ತಾರೆ. 1899ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ವಿಪ್ಪಲ್ ಎಂಬ ಇಪ್ಪತ್ಮೂರರ ತರುಣ ಇದಕ್ಕೆ ಗಣಿತದ ಉತ್ತರ ಬರೆದ. ಎರಡು ಚಕ್ರ, ಒಂದು ಚೌಕಟ್ಟು, ಚೌಕಟ್ಟಿಗೆ ಅಂಟಿದಂತೆ ಕುಳಿತ ಸವಾರ, ಮುಂದೆ ತಿರುಗಬಲ್ಲ ಫೋರ್ಕ್. ಇಷ್ಟನ್ನೇ ಇಟ್ಟುಕೊಂಡು, ಯಾವ ವೇಗದಲ್ಲಿ ಸೈಕಲ್ಲು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಯಾವ ವೇಗದಲ್ಲಿ ಹೊಯ್ದಾಡುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ತೋರಿಸಿದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಎಮ್ಯಾನ್ಯುಯೆಲ್ ಕಾರ್ವಾಲೊ ಎಂಬಾತನೂ ಇದೇ ಕೆಲಸ ಮಾಡಿದ್ದ. ವಿಪ್ಪಲ್ ಮುಂದೆ ಸೈಕಲ್ಲನ್ನು ಬಿಟ್ಟು ಹವಾಮಾನ ಶಾಸ್ತ್ರಜ್ಞನಾಗಿ, ಲಂಡನ್ನಿನ ಕ್ಯೂ ವೀಕ್ಷಣಾಲಯದ ಮುಖ್ಯಸ್ಥನಾದ. ಅವನ ಸಮೀಕರಣಗಳು ಬಹುಕಾಲ ಪುಸ್ತಕದಲ್ಲೇ ಮಲಗಿದ್ದವು.

ಆ ಸಮೀಕರಣಗಳಲ್ಲಿ ಒಂದು ಕೊರತೆಯಿತ್ತು. ವಿಪ್ಪಲ್‌ನ ಚಕ್ರ ಚಾಕುವಿನ ಅಲಗಿನಂಥದು. ನೆಲಕ್ಕೆ ಒಂದೇ ಬಿಂದುವಿನಲ್ಲಿ ತಾಗುತ್ತದೆ, ಜಾರುವುದಿಲ್ಲ, ಬಾಗುವುದಿಲ್ಲ. ಆದರೆ ನಿಜವಾದ ಬೈಕು ಓಡುವುದು ಗಾಳಿ ತುಂಬಿದ ರಬ್ಬರಿನ ಮೇಲೆ. ಸೈಕಲ್ಲಿನ ವೇಗಕ್ಕೆ ಈ ಕೊರತೆ ದೊಡ್ಡದಲ್ಲ. ಗಂಟೆಗೆ ನೂರೈವತ್ತು ಕಿ.ಮೀ. ಓಡುವ ಯಂತ್ರಕ್ಕೆ ಅದೇ ಜೀವನ್ಮರಣದ ಪ್ರಶ್ನೆ.

ಮೊದಲ ಮಹಾಯುದ್ಧದ ನಂತರ ಬೈಕುಗಳು ಆ ವೇಗದತ್ತ ಏರತೊಡಗಿದಾಗ, ಕೆಲವೊಮ್ಮೆ ಹ್ಯಾಂಡಲು ಹುಚ್ಚು ಹಿಡಿದಂತೆ ಎಡಬಲಕ್ಕೆ ಬಡಿಯುವುದನ್ನು ಸವಾರರು ಕಂಡರು. ಹ್ಯಾಂಡಲಿನ ತುದಿ ಪೆಟ್ರೋಲ್ ಟ್ಯಾಂಕಿಗೆ ಎರಡೂ ಕಡೆ ಬಡಿಯುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ‘ಟ್ಯಾಂಕ್ ಸ್ಲ್ಯಾಪರ್’ ಎಂಬ ಹೆಸರೇ ಬಂತು. ಟ್ಯಾಂಕಿಗೆ ಕಪಾಳಮೋಕ್ಷ ಎನ್ನೋಣ. ತಯಾರಕರು ಕಂಡುಕೊಂಡ ಮದ್ದು ಸ್ಟಿಯರಿಂಗ್ ಡ್ಯಾಂಪರ್. ಹಳೆಯ ಬ್ರಿಟಿಷ್ ಬೈಕುಗಳ ಹ್ಯಾಂಡಲಿನ ನಡುವೆ ಒಂದು ದಪ್ಪ ತಿರುಪು ಗುಬುಟನ್ನು ನೀವು ನೋಡಿರಬಹುದು. ಅದನ್ನು ಬಿಗಿದರೆ ಹ್ಯಾಂಡಲು ಬಿಗಿಯಾಗುತ್ತದೆ, ಸಡಿಲಿಸಿದರೆ ಹಗುರವಾಗುತ್ತದೆ. ವೇಗವಾಗಿ ಹೋಗುವುದಾದರೆ ಬಿಗಿ ಎಂಬುದು ಅಂದಿನ ಸವಾರರ ವೇದವಾಕ್ಯ. ಈ ವೇದವಾಕ್ಯ ಅರ್ಧ ಸತ್ಯ, ಉಳಿದರ್ಧ ಅಪಾಯ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಸುಳಿವು ಸಿಕ್ಕಿದ್ದು ಬೈಕಿನಿಂದಲ್ಲ, ಕಾರು ಮತ್ತು ವಿಮಾನಗಳಿಂದ. 1920ರ ದಶಕದ ಕಾರುಗಳ ಮುಂಚಕ್ರಗಳು ಒಂದು ವೇಗದಲ್ಲಿ ತಾವಾಗಿ ಅದುರುತ್ತಿದ್ದವು. ಆಗ ಅಮೆರಿಕದಲ್ಲಿ ಭುಜ ಕುಣಿಸುವ ಶಿಮ್ಮಿ ಎಂಬ ನೃತ್ಯ ಜನಪ್ರಿಯವಾಗಿತ್ತು. ಎಂಜಿನಿಯರುಗಳು ಚಕ್ರದ ಅದುರಾಟಕ್ಕೂ ಅದೇ ಹೆಸರಿಟ್ಟರು. ನೆಲಕ್ಕಿಳಿಯುವ ವಿಮಾನದ ಚಕ್ರ ಹಾಗೆ ಅದುರಿದರೆ ಕಾಲೇ ಮುರಿದು ಬೀಳುತ್ತದೆ. ಹೀಗಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ತುರ್ತು ಸಂಶೋಧನೆಯಾಯಿತು. 1941ರಲ್ಲಿ ಜರ್ಮನಿಯ ಫಾನ್ ಶ್ಲಿಪ್ಪೆ ಮತ್ತು ಡೀಟ್ರಿಚ್ ಟೈರನ್ನು ಎಳೆದು ಕಟ್ಟಿದ ದಾರದಂತೆ ಭಾವಿಸಿ ಲೆಕ್ಕ ಹಾಕಿದರು. ಅವರು ತೋರಿಸಿದ್ದು ಸರಳ ಸಂಗತಿ: ಚಕ್ರವನ್ನು ತಿರುಗಿಸಿದ ಕೂಡಲೇ ಟೈರು ಪಕ್ಕಕ್ಕೆ ತಳ್ಳುವುದಿಲ್ಲ. ರಬ್ಬರು ಸೊಟ್ಟಗಾಗಿ, ಸ್ವಲ್ಪ ದೂರ ಉರುಳಿದ ಮೇಲೆಯೇ ಅದರ ಬಲ ಪೂರ್ತಿ ಬರುತ್ತದೆ. ಈ ಚಿಕ್ಕ ವಿಳಂಬದಲ್ಲೇ ನಡುಕದ ಬೀಜವಿದೆ. ಚಕ್ರ ನೇರವಾಗಬೇಕಾದ ಹೊತ್ತಿಗೆ ಬಲ ಇನ್ನೂ ಹಳೆಯ ದಿಕ್ಕಿನಲ್ಲೇ ಇರುತ್ತದೆ, ಚಕ್ರ ಆಚೆ ಬದಿಗೆ ದಾಟಿಬಿಡುತ್ತದೆ, ಮತ್ತೆ ಈಚೆಗೆ. ಆಸ್ಪತ್ರೆಯ ತಳ್ಳುಗಾಡಿಯನ್ನು ಜೋರಾಗಿ ತಳ್ಳಿದಾಗ ಅದರ ಪುಟ್ಟ ಮುಂಚಕ್ರ ಪಟಪಟ ಎಂದು ಅದುರುವುದನ್ನು ಕಂಡಿದ್ದರೆ, ಈ ಕಾಯಿಲೆಯ ದಾಯಾದಿಯನ್ನು ನೀವು ಕಂಡಂತೆ.

ಲೆಕ್ಕ ಹೀಗೆ ನಿಧಾನವಾಗಿ ನಡೆಯುತ್ತಿದ್ದಾಗ, ಲೆಕ್ಕದ ಗೊಡವೆಯಿಲ್ಲದ ಒಬ್ಬ ಮನುಷ್ಯ ಕೈಯಲ್ಲೇ ಅರ್ಧ ಉತ್ತರ ಹುಡುಕಿಬಿಟ್ಟಿದ್ದ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವನಲ್ಲ, ತಾನೇ ಕಲಿತ ಮೆಕ್ಯಾನಿಕ್. ಹಿಂಚಕ್ರವನ್ನು ಹಿಡಿದಿರುವ ಭಾಗ ತಿರುಚಿಕೊಳ್ಳದಂತೆ ಗಟ್ಟಿಯಾಗಿದ್ದರೆ ಬೈಕು ಹೇಳಿದ ಮಾತು ಕೇಳುತ್ತದೆ ಎಂಬುದು ಅವನ ಅನುಭವ. ಹ್ಯಾಂಡಲಿನ ಕತ್ತಿನಿಂದ ಹಿಂದಿನ ಸ್ವಿಂಗ್ ಆರ್ಮಿನ ತಿರುಗಣೆಯವರೆಗೆ ಎರಡು ಕೊಳವೆಗಳು ಸುತ್ತಿಬರುವಂತೆ ಅವನು ಒಂದು ಚಾಸಿಸ್ ಬೆಸೆದ. ನಾರ್ಟನ್ ಕಂಪನಿ ಅದನ್ನು ರೇಸಿಗೆ ಇಳಿಸಿತು. 1950ರ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಜೂನಿಯರ್, ಸೀನಿಯರ್ ಎರಡೂ ವಿಭಾಗಗಳ ಮೊದಲ ಮೂರು ಸ್ಥಾನಗಳು ನಾರ್ಟನ್‌ಗೇ. ಸವಾರ ಹೆರಾಲ್ಡ್ ಡ್ಯಾನಿಯಲ್ ಅದನ್ನು ಗರಿ ತುಂಬಿದ ಹಾಸಿಗೆಗೆ ಹೋಲಿಸಿದ್ದರಿಂದ ‘ಫೆದರ್‌ಬೆಡ್’ ಎಂಬ ಹೆಸರು ನಿಂತಿತು. ಯಾಕೆ ಅದು ಅಷ್ಟು ಚೆನ್ನಾಗಿ ಓಡುತ್ತದೆ ಎಂಬುದನ್ನು ಸಮೀಕರಣ ಬರೆದು ಹೇಳಲು ಮಾತ್ರ ಇನ್ನೂ ಕಾಲು ಶತಮಾನ ಬೇಕಾಯಿತು.

ಆ ನಡುವೆ ಜಪಾನು ಬಂತು. 1969ರಲ್ಲಿ ಹೋಂಡಾ ಸಿಬಿ750 ಮಾರುಕಟ್ಟೆಗೆ ಇಳಿಯಿತು. ನಾಲ್ಕು ಸಿಲಿಂಡರು, 67 ಅಶ್ವಶಕ್ತಿ. ಅದೇ ವರ್ಷ ಕವಾಸಾಕಿಯ 500 ಸಿಸಿ ಎಚ್1, ಅದರ 60 ಅಶ್ವಶಕ್ತಿಯ ಮೂರು ಸಿಲಿಂಡರ್ ಟೂ ಸ್ಟ್ರೋಕ್ ಎಂಜಿನ್ನಿನೊಂದಿಗೆ. 1972ರಲ್ಲಿ ಅದರ ಅಣ್ಣ, 750 ಸಿಸಿ ಎಚ್2. ಎಂಜಿನ್ನು ದೈತ್ಯ, ಚಾಸಿಸ್ಸು ಬಡಕಲು. ಕವಾಸಾಕಿಯ ಈ ಬೈಕುಗಳಿಗೆ ಅಮೆರಿಕದಲ್ಲಿ ‘ವಿಧವೆಯರನ್ನು ಮಾಡುವವು’ ಎಂಬ ಅಡ್ಡಹೆಸರು ಬಿತ್ತು. ಜರ್ಮನಿಯ ಬಿಎಂಡಬ್ಲ್ಯು ಕೂಡ 1973ರಲ್ಲಿ ತನ್ನ ಬೈಕುಗಳ ಸ್ವಿಂಗ್ ಆರ್ಮನ್ನು 50 ಮಿಲಿಮೀಟರಿನಷ್ಟು ಉದ್ದ ಮಾಡಿತು. ಇಟಲಿಯ ಮಸ್ಸಿಮೊ ತಂಬುರಿನಿ ತನ್ನ ಸಿಬಿ750ಯಿಂದ ಮಿಸಾನೊ ರೇಸ್ ಟ್ರ್ಯಾಕಿನಲ್ಲಿ ಬಿದ್ದು ಪಕ್ಕೆಲುಬು ಮುರಿದುಕೊಂಡ. ಗುಣವಾಗುತ್ತಾ ಮಲಗಿದ್ದವನು ಅದೇ ಎಂಜಿನ್ನಿಗೆ ಹೊಸ ಚಾಸಿಸ್ ಯೋಚಿಸಿದ. ಬಿಮೋಟಾ ಎಂಬ ಹೆಸರಾಂತ ಕಂಪನಿಯ ಮೊದಲ ಬೈಕು ಹುಟ್ಟಿದ್ದು ಹೀಗೆ.

ಈ ಗದ್ದಲದ ನಡುವೆ, 1971ರಲ್ಲಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ರಾಬಿನ್ ಶಾರ್ಪ್ ಒಂದು ಪ್ರಬಂಧ ಪ್ರಕಟಿಸಿದರು. ಶೀರ್ಷಿಕೆ ನೀರಸ: ಮೋಟರ್‌ಸೈಕಲ್ಲುಗಳ ಸ್ಥಿರತೆ ಮತ್ತು ನಿಯಂತ್ರಣ. ಒಳಗಿನ ವಿಷಯ ಮಾತ್ರ ಇಂದಿಗೂ ಈ ಶಾಸ್ತ್ರದ ಅಡಿಗಲ್ಲು. ವಿಪ್ಪಲ್‌ನ ಚೌಕಟ್ಟಿಗೆ ಅವರು ನಿಜವಾದ ಟೈರನ್ನು, ಅದರ ವಿಳಂಬದ ಸಮೇತ, ಸೇರಿಸಿದರು. ಆಗ ಕಂಪ್ಯೂಟರಿನಲ್ಲಿ ಮೂರು ಬಗೆಯ ಚಲನೆಗಳು ಬೇರೆ ಬೇರೆಯಾಗಿ ಎದ್ದು ಬಂದವು.

ಒಂದು, ಬೈಕು ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿ ಬೀಳುವುದು. ಇದನ್ನು ಉರುಳು ಎನ್ನೋಣ. ಇದು ಅಪಾಯವಲ್ಲ; ಅಷ್ಟು ನಿಧಾನ ನಡೆಯುವುದರಿಂದ ಸವಾರ ತನಗರಿವಿಲ್ಲದೆಯೇ ಸರಿಪಡಿಸುತ್ತಿರುತ್ತಾನೆ.

ಎರಡನೆಯದು ಇಂಗ್ಲಿಷಿನವರು ವಾಬಲ್ ಎನ್ನುವ ನಡುಕ. ಇದು ಬಹುಪಾಲು ಮುಂಭಾಗದ ಕಾಯಿಲೆ. ಬೈಕಿನ ಮೈ ಹೆಚ್ಚು ಅಲುಗುವುದಿಲ್ಲ. ಫೋರ್ಕು ಮತ್ತು ಮುಂಚಕ್ರ ಮಾತ್ರ ಕತ್ತಿನ ಸುತ್ತ ಸೆಕೆಂಡಿಗೆ ಆರರಿಂದ ಹತ್ತು ಸಲ ಅದುರುತ್ತವೆ. ಎಣಿಸಲು ಸಾಧ್ಯವೇ ಇಲ್ಲ. ಮೂರನೆಯದು ವೀವ್, ಅಂದರೆ ಓಲಾಟ. ಇಲ್ಲಿ ಇಡೀ ಬೈಕು ಹಾವಿನಂತೆ ಹರಿಯುತ್ತದೆ: ಪಕ್ಕಕ್ಕೆ ಸರಿಯುತ್ತದೆ, ವಾಲುತ್ತದೆ, ಹಿಂಭಾಗ ಬೀಸುತ್ತದೆ, ಹ್ಯಾಂಡಲೂ ಜೊತೆಗೆ ಆಡುತ್ತದೆ. ಸೆಕೆಂಡಿಗೆ ಎರಡು, ಮೂರು ಸಲ. ನಿಧಾನದಲ್ಲಿ ಇದು ಇರುತ್ತದೆ, ಮಧ್ಯಮ ವೇಗದಲ್ಲಿ ತಾನಾಗಿ ಅಡಗುತ್ತದೆ, ವೇಗ ಏರಿದಂತೆ ಮತ್ತೆ ತಲೆಯೆತ್ತುತ್ತದೆ. ನಾನು ಶಿರಾ ಬಳಿ ಕಂಡದ್ದು ಇದನ್ನೇ.

ಶಾರ್ಪ್ ಅವರ ಲೆಕ್ಕದಲ್ಲಿ ಎಲ್ಲಕ್ಕಿಂತ ಕಟುವಾಗಿದ್ದದ್ದು ಡ್ಯಾಂಪರಿನ ವಿಚಾರ. ಹ್ಯಾಂಡಲನ್ನು ಬಿಗಿ ಮಾಡುವ ಡ್ಯಾಂಪರ್ ನಡುಕವನ್ನು ನಿಜವಾಗಿಯೂ ಅಡಗಿಸುತ್ತದೆ. ಆದರೆ ಹೆಚ್ಚಿನ ವೇಗದಲ್ಲಿ ಅದೇ ಡ್ಯಾಂಪರ್ ಓಲಾಟವನ್ನು ಕೆರಳಿಸುತ್ತದೆ. ಬೈಕು ವಾಲಿದಾಗ ಮುಂಚಕ್ರ ತಾನಾಗಿ ಆ ಕಡೆಗೆ ತಿರುಗಿ ಬೈಕನ್ನು ಎತ್ತಿ ನಿಲ್ಲಿಸಬೇಕು. ಅದರ ಆ ಸ್ವಾತಂತ್ರ್ಯವನ್ನೇ ಡ್ಯಾಂಪರ್ ಕಸಿಯುತ್ತದೆ. ಜ್ವರ ಯಾವುದೆಂದು ನೋಡದೆ ಒಂದೇ ಮಾತ್ರೆ ಕೊಟ್ಟಂತೆ. ವೇಗ ಹೆಚ್ಚಾದಾಗ ಗುಬುಟು ಬಿಗಿದುಕೊಂಡ ಹಳೆಯ ಸವಾರರಲ್ಲಿ ಎಷ್ಟು ಮಂದಿ ತಮ್ಮ ಕೈಯಾರೆ ಓಲಾಟವನ್ನು ಹೆಚ್ಚಿಸಿಕೊಂಡರೋ, ಅದನ್ನು ಲೆಕ್ಕ ಇಟ್ಟವರಿಲ್ಲ.

ಆದರೂ ಮೊದಲ ಪ್ರಬಂಧದ ಎಲ್ಲ ಮಾತೂ ರಸ್ತೆಯ ಅನುಭವಕ್ಕೆ ಹೊಂದಲಿಲ್ಲ. ಲೆಕ್ಕದ ಪ್ರಕಾರ ನಡುಕ ಅತಿವೇಗದಲ್ಲೇ ಹೆಚ್ಚಬೇಕು. ಆದರೆ 60-80 ಕಿ.ಮೀ. ವೇಗದಲ್ಲಿ ಹ್ಯಾಂಡಲಿನಿಂದ ಕೈ ತೆಗೆದು ಆಕ್ಸಿಲರೇಟರ್ ಇಳಿಸಿದರೆ ಸಾಕು, ಅದುರಲು ಶುರುವಾಗುತ್ತದೆ ಎಂದು ಸವಾರರು ಹೇಳುತ್ತಲೇ ಇದ್ದರು. (ದಯವಿಟ್ಟು ಪರೀಕ್ಷಿಸಲು ಹೋಗಬೇಡಿ.) ಸವಾರರ ಮಾತೇ ಸರಿಯಿತ್ತು. ಲೆಕ್ಕದಲ್ಲಿ ಫೋರ್ಕನ್ನು ಕಲ್ಲಿನಂತೆ ಗಟ್ಟಿ ಎಂದು ಭಾವಿಸಿದ್ದೇ ತಪ್ಪಾಗಿತ್ತು. 1981ರಲ್ಲಿ ನೆದರ್ಲೆಂಡ್ಸಿನ ಸ್ಪೀರಿಂಗ್ಸ್, ಫೋರ್ಕು ಪಕ್ಕಕ್ಕೆ ತುಸು ಬಾಗುತ್ತದೆ ಎಂಬುದನ್ನೂ ಸೇರಿಸಿದಾಗ ನಡುಕ ಮಧ್ಯಮ ವೇಗದಲ್ಲೇ ಕಾಣಿಸಿಕೊಂಡಿತು. ಅದಕ್ಕೂ ಮೊದಲು, 1974ರಲ್ಲಿ, ಶಾರ್ಪ್ ಅವರೇ ಹಿಂಭಾಗದ ಚೌಕಟ್ಟು ತಿರುಚಿಕೊಂಡರೆ ಓಲಾಟ ಕೆಡುತ್ತದೆ ಎಂದು ತೋರಿಸಿದ್ದರು. ಅಂದರೆ ಬೆಲ್‌ಫಾಸ್ಟಿನ ಮೆಕ್ಯಾನಿಕ್ ಕೈ ಹೇಳಿದ್ದನ್ನೇ ಲೀಡ್ಸಿನ ಕಾಗದವೂ ಹೇಳಿತು.

ಸವಾರನ ಪಾತ್ರವೇ ಇಲ್ಲವೆಂದಲ್ಲ. ಅವನ ದೇಹವೂ ಯಂತ್ರದ ಒಂದು ಭಾಗವೇ. ಮೆತ್ತಗೆ ಹಿಡಿದ ಕೈ, ಟ್ಯಾಂಕಿಗೆ ಒತ್ತಿದ ಮಂಡಿ ಕಂಪನವನ್ನು ಹೀರುತ್ತವೆ. ಆದರೆ ಗಾಬರಿಯಲ್ಲಿ ತಿರುಗಿಸಿ ಸರಿಪಡಿಸುತ್ತೇನೆಂದು ಹೊರಟವನ ಗತಿ ಬೇರೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ನಡುಕ ಒಂದೆರಡು ಸುತ್ತು ಮುಗಿಸಿರುತ್ತದೆ. ಓಲಾಟವೋ, ಸರಿಯಾಗಿ ಅರ್ಧ ಸುತ್ತಿನಲ್ಲಿರುತ್ತದೆ. ಸರಿಪಡಿಸಲು ಕೊಟ್ಟ ತಳ್ಳು ಉಯ್ಯಾಲೆಯನ್ನು ಇನ್ನಷ್ಟು ಜೀಕಿದಂತಾಗುತ್ತದೆ. ನನ್ನ ಗೆಳೆಯ ಮಾಡಿದ್ದೂ ಅದನ್ನೇ. ಬಲವಾಗಿ ಬ್ರೇಕ್ ಹಾಕಬಾರದು, ಆಕ್ಸಿಲರೇಟರನ್ನು ಮೆಲ್ಲನೆ ಇಳಿಸಬೇಕು, ಮೈಯನ್ನು ಮುಂದಕ್ಕೆ ಬಾಗಿಸಿ ಟ್ಯಾಂಕಿನ ಮೇಲೆ ಭಾರ ಹಾಕಬೇಕು ಎಂದು ಪರೀಕ್ಷಾ ಸವಾರರು ಹೇಳುತ್ತಾರೆ. ಇದನ್ನು ಕಂಡುಕೊಳ್ಳಲು ಅವರು ಓಡುವ ಬೈಕಿನ ಹ್ಯಾಂಡಲಿಗೆ ಬೇಕೆಂದೇ ಕೈಯಿಂದ ಹೊಡೆದು ಕಂಪನ ಎಬ್ಬಿಸುತ್ತಿದ್ದರು. ಸಂಬಳಕ್ಕೆ ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಕಷ್ಟದ್ದು ನನಗೆ ಸದ್ಯಕ್ಕೆ ಹೊಳೆಯುತ್ತಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಕಾಯಿಲೆ ಮಾಯವಾಯಿತೇ ಎಂದರೆ, ಇಲ್ಲ. 1980ರ ದಶಕದಲ್ಲಿ ಅಗಲವಾದ ಅಲ್ಯೂಮಿನಿಯಂ ಚಾಸಿಸ್ಸುಗಳು ಬಂದು ಬಹಳಷ್ಟು ಸುಧಾರಣೆಯಾಯಿತು. 2004ರಲ್ಲಿ ಹೋಂಡಾ ತನ್ನ ಸಿಬಿಆರ್1000ಆರ್‌ಆರ್ ಬೈಕಿಗೆ, ವೇಗಕ್ಕೆ ತಕ್ಕಂತೆ ಬಿಗಿ ಬದಲಿಸುವ ಎಲೆಕ್ಟ್ರಾನಿಕ್ ಡ್ಯಾಂಪರ್ ಅಳವಡಿಸಿತು. ಶಾರ್ಪ್ ಮುಂದೆ ಲೈಮ್‌ಬಿಯರ್, ಎವಾಂಜೆಲು ಮೊದಲಾದವರೊಂದಿಗೆ ಸೇರಿ, ನಡುಕ ಮತ್ತು ಓಲಾಟ ಎರಡನ್ನೂ ಒಟ್ಟಿಗೆ ಹದ್ದಿನಲ್ಲಿಡುವ ಹ್ಯಾಂಡಲ್ ಜೋಡಣೆಯನ್ನು ಲೆಕ್ಕದಲ್ಲಿ ತೋರಿಸಿದರು. ಇದರ ನಡುವೆಯೂ 2007ರಲ್ಲಿ ಬ್ರಿಟನ್ನಿನ ಕೆಲವು ಪೊಲೀಸ್ ಪಡೆಗಳು ತಮ್ಮ ಹೋಂಡಾ ಎಸ್‌ಟಿ1300 ಬೈಕುಗಳನ್ನು ಸೇವೆಯಿಂದ ಹಿಂತೆಗೆದುಕೊಂಡವು. ಪೊಲೀಸ್ ಸವಾರರೊಬ್ಬರ ಸಾವಿನ ನಂತರ ಅತಿವೇಗದ ಓಲಾಟದ ಪ್ರಶ್ನೆ ಎದ್ದಿತ್ತು. ಪೊಲೀಸ್ ಬೈಕು ಎಂದರೆ ಹಿಂದೆ, ಎತ್ತರದಲ್ಲಿ, ಸಾಮಾನಿನ ಪೆಟ್ಟಿಗೆಗಳು. ಮುಂದೆ ಗಾಳಿಗೆ ಎದುರಾಗಿ ದೊಡ್ಡ ಗಾಜು. ಹಿಂದಕ್ಕೂ ಮೇಲಕ್ಕೂ ಸರಿದ ಭಾರ ಓಲಾಟಕ್ಕೆ ಹೇಳಿ ಮಾಡಿಸಿದ್ದು.

ನಮ್ಮಲ್ಲಿ ಈ ಮಾತು ತಡವಾಗಿ ಬಂತು, ಯಾಕೆಂದರೆ ನಮಗೆ ವೇಗವೇ ತಡವಾಗಿ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿತು. ನಮ್ಮ ತಂದೆಯ ತಲೆಮಾರಿನವರು ಆ 250 ಸಿಸಿ ಬೈಕುಗಳಲ್ಲಿ, ಆ ಕಾಲದ ರಸ್ತೆಗಳಲ್ಲಿ, ಗಂಟೆಗೆ ನೂರು ಕಿ.ಮೀ. ಮುಟ್ಟಿದರೆ ಅದನ್ನು ವಾರವಿಡೀ ಹೇಳಿಕೊಳ್ಳುತ್ತಿದ್ದರು. ಓಲಾಟ ತಲೆಯೆತ್ತುವ ವೇಗಕ್ಕೆ ಗಾಡಿ ಹೋಗುತ್ತಿದ್ದುದೇ ಅಪರೂಪ. 2013ರಲ್ಲಿ ಕೆಟಿಎಂ ಡ್ಯೂಕ್ 390, 2018ರಲ್ಲಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬಂದ ಮೇಲೆ ನೂರೈವತ್ತು ಕಿ.ಮೀ. ವೇಗ ಮಧ್ಯಮ ವರ್ಗದ ಹುಡುಗರ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ರಸ್ತೆಗಳೂ ಅಗಲವಾದವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ಆಗಸ್ಟ್ 1ರಿಂದ ಬೈಕುಗಳನ್ನು ನಿಷೇಧಿಸಲಾಯಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬಹಳ ನಡೆದಿದೆ. ಆದರೆ ವೇಗದ ಗಾಡಿ ಮಾರುವವರು, ಅದಕ್ಕೆ ಹಿಂದೆ ಪೆಟ್ಟಿಗೆ ಕಟ್ಟಿಕೊಡುವವರು ಓಲಾಟ ಎಂಬುದೊಂದಿದೆ ಎಂದು ಕೊಳ್ಳುವವನಿಗೆ ಒಂದು ಮಾತು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ತುಮಕೂರಿನ ಶೆಡ್ಡಿಗೆ ಮರಳುತ್ತೇನೆ. ಮೆಕ್ಯಾನಿಕ್ ಮೊದಲು ಎರಡೂ ಟೈರುಗಳ ಗಾಳಿ ನೋಡಿದರು, ಹಿಂದಿನದರಲ್ಲಿ ಕಡಿಮೆಯಿತ್ತು. ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿರುವುದನ್ನು ಹೆಬ್ಬೆರಳಿನಲ್ಲಿ ಸವರಿ ತೋರಿಸಿದರು. ಎಣಿಸೋಕೆ ಆಗಲ್ಲ ಅಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಮುಂಚಕ್ರವನ್ನು ನೆಲದಿಂದ ಎತ್ತಿಸಿ, ಫೋರ್ಕಿನ ಕಾಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಜಗ್ಗಿದರು. ಟಕ್ ಎಂದರೆ ಕೋನ್‌ಸೆಟ್ ಸಡಿಲ. ಆಮೇಲೆ ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನ ತಿರುಗಿಸಿದರು. ನಡುವೆ ಗುಳಿಗೆ ಬಿದ್ದಂತೆ ತಡೆದರೆ ಬಾಲ್ ರೇಸ್ ಹೋಗಿದೆ ಎಂದರ್ಥ. ನಮ್ಮದರಲ್ಲಿ ಎರಡೂ ಸರಿಯಿದ್ದವು.

ಕೊನೆಗೆ ಹಿಂಚಕ್ರದ ಪಕ್ಕ ಕುಳಿತು ಸ್ವಿಂಗ್ ಆರ್ಮನ್ನು ಎಡಬಲಕ್ಕೆ ತಳ್ಳಿದರು. ಅಲುಗಬಾರದು, ಅಲುಗಿತು. ಬಿಚ್ಚಿ ತೆಗೆದ ಬುಷ್ಷನ್ನು ಬಟ್ಟೆಯಲ್ಲಿ ಒರೆಸಿ ಗೆಳೆಯನ ಅಂಗೈಗೆ ಇಟ್ಟರು. ದುಂಡಗಿರಬೇಕಾದ ರಂಧ್ರ ಒಂದು ಕಡೆ ಸವೆದು ಮೊಟ್ಟೆಯಂತಾಗಿತ್ತು. ‘ಇದನ್ನ ಬದಲಾಯ್ಸಿ, ಟೈರ್ ಹಾಕ್ಸಿ. ಆ ಬ್ಯಾಗ್ ಇದ್ಯಲ್ಲ, ಅದನ್ನ ಹಿಂದೆ ಕಟ್ಬೇಡಿ, ಟ್ಯಾಂಕ್ ಮೇಲೆ ಇಟ್ಕೊಳ್ಳಿ’ ಎಂದರು. ಗೆಳೆಯ ಆ ಹಳೆಯ ಬುಷ್ಷನ್ನು ಜೇಬಿಗೆ ಹಾಕಿಕೊಂಡ. ಸರ್ವಿಸ್ ಸೆಂಟರಿನವರಿಗೆ ತೋರಿಸಬೇಕೆಂದು ಅವನ ಹಟ. ಇನ್ನೂ ಹೋಗಿಲ್ಲ.